ಎಡಗಾಲಿನ ಕೆಂಪು ಬೂಟು

ನನಗ ಸಿಟ್ಟು ಮೂಗಿನ ತುದಿ ಮ್ಯಾಲ ಅಂತ ನಮ್ಮ ಅಂಗಡ್ಯಾಗ ಎಲ್ಲಾರೂ ಅಂತಾರ. ಖರೆ ಐತಿ, ಇಲ್ಲಾ ಅನ್ನಂಗಿಲ್ಲ. ಆದ್ರ ಮಂಜುಳಾನ ಬೂಟಿನ ಕತಿ ಪೂರ್ತಿ ಕೇಳ್ರಿ. ಕೇಳಿದ ಮ್ಯಾಲ ನಿಮಗೂ ಸಿಟ್ಟು ಬರಲಿಲ್ಲಾಂದ್ರ ನನ್ನ ಹೆಸರು ಹನಮಂತವ್ವ ಅಲ್ಲ.

ಗದಗ ಬಜಾರದಾಗ ಕೊಟ್ರಪ್ಪ ಸಾವಕಾರ್ರ ಜವಳಿ ಅಂಗಡಿ ಐತಿ. ಅಲ್ಲಿ ನನ್ನ ಕೆಲಸ ಸೀರಿ ಮಡಚೂದು. ಬಂದ ಹೆಣ್ಮಕ್ಕಳು ರಾಶಿ ಸೀರಿ ಬಿಚ್ಚಿಸಿ, ಒಂದು ತಗೊಂಡು, ಉಳದದ್ದನ್ನ ಗಾದಿ ಮ್ಯಾಲ ಬಿಟ್ಟು ಹೋಗತಾರ. ಆ ಒಂದು ತಗೋಳಾಕೂ ಸುಮ್ಮನ ತಗೋಳಂಗಿಲ್ಲ. ನಮ್ಮ ಕಡಿ ಹೆಣ್ಮಕ್ಕಳಿಗೆ ಟ್ಯೂಬ್‌ಲೈಟಿನ ಮ್ಯಾಲ ನಂಬಿಗಿ ಇಲ್ಲ. ಎಷ್ಟ ಪಸಂದ ಬಂದ್ರೂ “ಬಿಸಲಿಗೆ ತೋರಸ್ರಿ” ಅಂತಾರ. ಆವಾಗ ನಾನು ಸೀರಿ ಹೊತಗೊಂಡು ಬಾಗಲ ಹೊರಗ, ಗಿರಾಕಿಗೋಳು ಚಪ್ಪಲಿ ಬಿಡೋ ಕಲ್ಲಿನ ಕಟ್ಟಿ ಮ್ಯಾಲ ನಿಂತು, ಸೆರಗು ಹರವಿ ಬಣ್ಣ ತೋರಸಬೇಕು. ಹೊಸ್ತಲದ ಒಳಗ ಯಾರ ಚಪ್ಪಲಿನೂ ಬರಂಗಿಲ್ಲ. ಸಾವಕಾರ್ರ ತಾಯಿ ಸಾವಿತ್ರೆವ್ವ ಅಮ್ಮಾರು ಗಲ್ಲಾದ ಬಾಜೂಕ ಕುಂತಿರತಾರ. ಬಂದವರ ಮಾರಿ ನೋಡೂಕ್ಕಿಂತ ಮೊದಲ ಅವರು ಕಾಲು ನೋಡತಾರ.

ಮಂಜುಳಾ ಅದ ಅಂಗಡಿಯ ಹಿಂದಿನ ಖೋಲ್ಯಾಗ ಕುಂತು ಸೆರಗಿಗೆ ಕುಚ್ಚು ಕಟ್ಟತಾಳ. ಹರ್ತಿ ಊರಾಕಿ, ಈಗ ತಮ್ಮ ಹೊನ್ನೇಶನ ಜೋಡಿ ಬೆಟಗೇರ್ಯಾಗ ಬಾಡಿಗಿ ಮನ್ಯಾಗ ಅದಾಳ. ನನಗ ಚಿಗವ್ವ ಅಂತಾಳ, ಸಂಬಂಧ ಏನೂ ಇಲ್ಲ, ಒಂದ ಡಬ್ಬಿಯೊಳಗಿನ ರೊಟ್ಟಿ ತಿಂದು ಆದ ಸಂಬಂಧ. ಸಣ್ಣ ಕೂಸಿದ್ದಾಗ ಜ್ವರ ಬಂದು ಆಕಿ ಎಡಗಾಲು ಸಣ್ಣದಾತು. ಪಾದ ಕೆಳಮುಖ ಆಗಿ ಹಂಗ ಬಿಗದು ಕುಂತುಬಿಡ್ತು. ಹಿಮ್ಮಡ ನೆಲ ಮುಟ್ಟಂಗಿಲ್ಲ. ಕಾಲ್ಬಟ್ಟಿನ ತುದಿ ಮ್ಯಾಲ ನಡೀತಾಳ, ಒಂದೊಂದು ಹೆಜ್ಜಿಗೂ ಮೈ ಬಲಕ್ಕ ವಾಲತೈತಿ.

ಶಾಲಿಗೆ ಹೋಗೂ ವಯಸ್ಸಿನ್ಯಾಗ ಯಾವುದೋ ಶಿಬಿರದಾಗ ಆಕಿಗೆ ಕರೀ ಬೂಟು ಕೊಟ್ಟಿದ್ರಂತ, ಎರಡೂ ಬಾಜೂಕ ಕಬ್ಬಿಣದ ಪಟ್ಟಿ ಇದ್ದದ್ದು. ಹುಡುಗುರು ‘ಲಾಳದ ಕುದರಿ ಬಂತು’ ಅಂತಿದ್ರಂತ. ಈಕಿ ಒಂದಿನ ಅದನ್ನ ಬಿಚ್ಚಿ ಹೊಲದ ಬಾವ್ಯಾಗ ಒಗದು, ಬರಿಗಾಲಿಲೆ ಮನಿಗೆ ಬಂದ್ಲು. ಅವರವ್ವ ಕಳಕವ್ವ ಹೊಡದ್ಲು, ಹೊಡದು ತಾನ ಅತ್ತಳು. ಆಮ್ಯಾಲ ಲಂಗ ಹೊಲಿಸೂವಾಗೆಲ್ಲಾ ಉದ್ದ ಹೊಲಿಸಾಕ ಸುರು ಮಾಡಿದ್ಲು. “ಕೆಳಗ ಬಿಡ ಬೇ, ಕಾಲು ಕಾಣತೈತಿ” ಅನ್ನೂದು ಕಳಕವ್ವನ ಬಾಯಿಪಾಠ. ಈಗಲೂ ಮಗಳನ್ನ ನೋಡಾಕ ಬಂದ್ರ ಹೆಂಗದಿ ಅಂತ ಕೇಳೂಕ್ಕಿಂತ ಮೊದಲ ಅದನ್ನ ಅಂತಾಳ.

ಶಿರಹಟ್ಟಿಯಿಂದ ಒಮ್ಮೆ ಕನ್ಯಾ ನೋಡಾಕ ಬಂದಿದ್ರು. ಮಂದಿ ಬರೂದ್ರಾಗನ ಮಂಜುಳಾನ್ನ ಕರಕೊಂಡು ಬಂದು ಚಾಪಿ ಮ್ಯಾಲ ಕುಂಡ್ರಿಸಿ, ಸೀರಿ ನೆರಿಗಿ ಹರವಿ, “ಅವರು ಹೋಗೂತನಕ ಏಳಬ್ಯಾಡ” ಅಂತ ಹೇಳಿದ್ರು. ಬಂದವರು ಮಾರಿ ನೋಡಿ ಒಪ್ಪಿದ್ರು. ಈಕಿ ಏನ ಮಾಡಿದ್ಲು ಅಂತೀರಿ? “ನೀರು ಬೇಕೇನ್ರಿ?” ಅಂತ ಕೇಳಿ, ಎದ್ದು, ಎಲ್ಲಾರ ಮುಂದ ಅಡಗಿ ಮನಿತನಕ ನಡದು ಹೋಗಿ ತಂಬಗಿ ತಂದು ಇಟ್ಟಳು. ಬಂದವರು ಚಹಾ ಕುಡೀದ ಎದ್ರು. ಯಾಕ ಹಂಗ ಮಾಡಿದಿ ಅಂತ ಮುಂದ ನಾನ ಕೇಳಿದ್ನಿ. “ಮುಚ್ಚಿ ಮಾರಿದ್ದನ್ನ ಮನಿಗೆ ಒಯ್ದು ಬಿಚ್ಚಿ ನೋಡಂಗಿಲ್ಲೇನು ಚಿಗವ್ವಾ?” ಅಂದ್ಲು. ಜವಳಿ ಅಂಗಡಿ ಹುಡುಗಿ ನೋಡ್ರಿ, ಮಾತೂ ಹಂಗ.

ಇಂಥಾಕಿ ಹಿಂದಿನ ಖೋಲ್ಯಾಗ ಹೆಂಗ ಕುಂಡ್ರಬೇಕು? ನಾಕು ಕುಚ್ಚು ಕಟ್ಟಿದ್ಲಂದ್ರ ಎದ್ದು ಪಡದೆ ಸರಿಸಿ ಗಾದಿ ಕಡಿ ಇಣಿಕಿ ನೋಡಾಕಿ. ಯಾವ ಸೀರಿ ಹೋತು, ಯಾರು ಒಯ್ದರು, ಉಟ್ಟರ ಹೆಂಗ ಕಂಡೀತು. “ಸೆರಗು ಕಟ್ಟಾಕಿ ನಾನು, ಉಟ್ಟದ್ದು ನೋಡೂ ನಸೀಬ ಇಲ್ಲ” ಅಂತ ಒಂದ ಸಮ ಚಡಪಡಿಸಾಕಿ. ಆಕಿ ಚಡಪಡಿಸೂದು ನೋಡಿ ನನಗೂ ಕುಂತಲ್ಲಿ ಕುಂಡ್ರಾಕ ಆಗತಿರಲಿಲ್ಲ.

ಹೋದ ವರ್ಷ ದೀಪಾವಳಿ ಆದ ಮ್ಯಾಲ ಸಾವಕಾರ್ರು ಅಂಗಡಿ ನಡಬರಕ ಒಂದು ಹಲಗಿ ಕಟ್ಟಿ ಮಾಡಿಸಿದ್ರು. ಅದರ ಮ್ಯಾಲ ಒಬ್ಬ ಹುಡುಗಿ ನಿಂತು, ಗಿರಾಕಿ ಕೇಳಿದ ಸೀರಿ ಮೈಮ್ಯಾಲ ಉಟ್ಟು ತೋರಸಬೇಕು. ಲಗ್ನದ ಜವಳಿ ಸೀಜನ್ನಿಗೆ ಅಂತ ಮಾಡಿದ್ದು. ಮಂಜುಳಾ ಅದನ್ನ ನೋಡಿದ ದಿನ ಊಟ ಮಾಡಲಿಲ್ಲ. ಸಂಜಿಮುಂದ ಸೀದಾ ಸಾವಕಾರ್ರ ಹತ್ರ ಹೋಗಿ, “ನಾ ನಿಂದ್ರತೇನ್ರಿ” ಅಂದ್ಲು.

ಕೊಟ್ರಪ್ಪ ಸಾವಕಾರ್ರು ಕೆಟ್ಟವರಲ್ಲ. ಆದ್ರ ಯಾಪಾರದವರು. “ನಿಂದ್ರು ನೋಡೂಣು” ಅಂದ್ರು. ಈಕಿ ಹತ್ತಿದ್ಲು, ಚೂಡಿದಾರದ ಮ್ಯಾಲ ಕೈಗೆ ಸಿಕ್ಕ ಸೀರಿ ಉಟ್ಟಳು. ಉಡೂ ಕೈ ಅಂದ್ರ ಆಕಿದು ಬಿಡ್ರಿ, ನೆರಿಗಿ ಇಸ್ತ್ರಿ ಮಾಡಿದಂಗ ಬರತಾವು. ಆದ್ರ ಎಡ ಹಿಮ್ಮಡಕ್ಕ ಆಸರ ಇಲ್ಲ. ನಿಂತು ಸ್ವಲ್ಪ ಹೊತ್ತಿಗೆ ಮೈ ಬಲಕ್ಕ ಹೋತು, ನೆರಿಗಿ ಎಲ್ಲಾ ಓರೆ ಆದ್ವು.

“ನೋಡವಾ,” ಅಂದ್ರು ಸಾವಕಾರ್ರು, “ಗಿರಾಕಿ ನೀ ಓರೆ ಅನ್ನಂಗಿಲ್ಲ, ನನ್ನ ಸೀರಿ ಓರೆ ಅಂತಾರ. ಹುಬ್ಬಳ್ಳಿಯಿಂದ ಒಬ್ಬಾಕಿ ಬರಾಕ ತಯಾರದಾಳ.”

“ನೆರಿಗಿ ನೆಟ್ಟಗಾದ್ರ?”

“ನೆಟ್ಟಗಾದ್ರ ನೀನ ನಿಂದ್ರು. ಮುಂಡರಗಿಯಿಂದ ದೊಡ್ಡ ಮನಿತನದವರು ಜವಳಿಗೆ ಬರೂವರು ಅದಾರ. ಅವರ ಮುಂದ ನಿಂತು ತೋರಸು. ಅಷ್ಟರಾಗ ಆಗಲಿಲ್ಲಾಂದ್ರ ಹುಬ್ಬಳ್ಳಿ ಹುಡುಗಿ.”

ಅವತ್ತಿನಿಂದ ಆಕಿಗೆ ನಿದ್ದಿ ಇಲ್ಲ, ನನಗ ನೆಮ್ಮದಿ ಇಲ್ಲ. ಕಾಲ ಕೆಳಗ ಇಟಗಿ ಇಟ್ಟು ನೋಡಿದ್ಲು, ಹಿಮ್ಮಡದ ಕೆಳಗ ಬಟ್ಟಿ ಗಂಟು ಕಟ್ಟಿ ನೋಡಿದ್ಲು. ದವಾಖಾನಿಗೆ ಹೋಗಿ ಅಳತಿ ಕೊಟ್ಟು ಬೂಟು ಮಾಡಿಸ್ಕೋ ಅಂತ ನಾನು ಬಡಕೊಂಡ್ನಿ. “ಬಾವ್ಯಾಗ ಒಗದದ್ದನ್ನ ಮತ್ತ ತಗದು ಹಾಕ್ಕೋ ಅಂತೀಯೇನು?” ಅಂತ ನನ್ನ ಮ್ಯಾಲ ಹರಿಹಾಯ್ದಳು.

ಒಂದಿನ ಊಟದ ಹೊತ್ತಿನ್ಯಾಗ ಹುಡುಗ್ಯಾರೆಲ್ಲಾ ಫೋನಿನ್ಯಾಗ ಏನೋ ನೋಡಿ ನಗಾಕತ್ತಿದ್ರು. ಯಾವುದೋ ದೇಶದ ಹೆಣಮಗಳು, ಕಾಲಾಗ ಕೆಂಪು ಬೂಟು. ಬೂಟಂದ್ರ ಎಂಥಾ ಬೂಟು! ಪಾದ ನೆಟ್ಟಗ ನೆಲದ ಕಡಿ, ಬಟ್ಟಿನ ತುದಿ ಮ್ಯಾಲ ನಿಂತಾಳ, ಹಿಮ್ಮಡದ ಕೆಳಗ ಗೇಣುದ್ದದ ಕಡ್ಡಿ. ಕುಣಿಯೂ ಮಂದಿ ತುದಿಗಾಲಿಲೆ ನಿಂದ್ರತಾರಲ್ಲ, ಹಂಗ ಪಾದ ನಿಂದ್ರೂವಂಗ ಮಾಡಿದ್ದು. ಬ್ಯಾಲೆ ಹೀಲ್ಸ್ ಅಂತಾರಂತ. ಆ ಹೆಣಮಗಳು ಗ್ವಾಡಿ ಹಿಡಕೊಂಡು, ಹಲ್ಲು ಕಚಗೊಂಡು, ಎರಡ ಹೆಜ್ಜಿ ಇಡೂದ್ರಾಗ ಸುಸ್ತಾದ್ಲು. ಕೆಳಗ ಸಾವಿರಗಟ್ಟಲೆ ಮಂದಿ ಭೇಷ್ ಭೇಷ್ ಅಂದಿದ್ರು.

ಎಲ್ಲಾರೂ ನಕ್ಕರು, ಮಂಜುಳಾ ನಗಲಿಲ್ಲ. ಫೋನ್ ಕಸಗೊಂಡು ಮತ್ತ ಮತ್ತ ನೋಡಿದ್ಲು. ಆಮ್ಯಾಲ ಎಡಗಾಲು ಚಾಚಿ ಫೋನಿನ ಬಾಜೂಕ ಇಟ್ಟಳು. ನಾ ಆಕಿ ಕಾಲನ್ನ ಅಷ್ಟು ಸಮೀಪ ನೋಡಿದ್ದು ಅವತ್ತ ಮೊದಲು. ಆ ಬೂಟಿನ ಒಳಗಿನ ಪಾದ ಹೆಂಗಿತ್ತೋ ಈ ಪಾದ ಹಂಗ ಇತ್ತು.

“ಚಿಗವ್ವಾ, ಆಕಿ ಒದ್ದಾಡಿ ಮಾಡೂದನ್ನ ನಾನು ಕೂಸಿದ್ದಾಗಿಂದ ಮಾಡಾಕತ್ತೇನಿ. ನನಗ ಯಾರೂ ಭೇಷ್ ಅನ್ನಲಿಲ್ಲ” ಅಂದ್ಲು.  ನಾ ಕೈಯಾಗಿನ ರೊಟ್ಟಿ ತಿರುಗಿ ಡಬ್ಬಿಗೆ ಇಟ್ನಿ.

ಬೂಟು ಕೊಳ್ಳೂದು ಅಂದ್ರ ಸಣ್ಣ ಮಾತಲ್ಲ. ಟೇಶನ್ ರೋಡಿನ ಮೊಹಸಿನನ ಚಪ್ಪಲಿ ಅಂಗಡಿಗೆ ಇಬ್ಬರೂ ಹೋದ್ವಿ. ಫೋಟೋ ನೋಡಿ ಅವ ನಮ್ಮಿಬ್ಬರ ಮಾರಿ ನೋಡಿದ. “ಅಕ್ಕಾರ, ಇವು ನಡ್ಯಾಕ ಅಲ್ರಿ. ಫೋಟೋ ಹೊಡಸ್ಕೊಳ್ಳಾಕ. ಯಾರಿಗೆ ಬೇಕಿತ್ರಿ?” ಅಂದ. ಮಂಜುಳಾ, “ನನಗ. ಎಡಗಾಲಿಂದು ಒಂದ ಸಾಕು” ಅಂದ್ಲು. ಒಂದ ಬೂಟು ಮಾರೂ ಅಂಗಡಿ ಈ ಲೋಕದಾಗ ಇಲ್ಲ ಅಂತ ಅವ ಹೇಳಿದ. ಕೇಳಿ ನನಗ ಮೈಯೆಲ್ಲಾ ಉರೀತು. “ಒಂದ ಕಾಲಿನವರು ಚಪ್ಪಲಿ ಹಾಕ್ಕೊಳ್ಳಂಗಿಲ್ಲೇನು?” ಅಂತ ಜಗಳಕ್ಕ ನಿಂತ್ನಿ. ಅವ ಪಾಪ, ಮುಂಬೈ ಕಡಿ ಒಬ್ಬ ವ್ಯಾಪಾರಿ ನಂಬರ್ ಹುಡುಕಿದ.

ಮೊದಲನೇ ಪಾರ್ಸಲ್ ಬಂತು, ಅದು ಗಂಡಸರ ಅಳತಿದು. ಈಕಿ ಪಾದ ಸಣ್ಣ ಹುಡುಗಿ ಪಾದದಷ್ಟು ಐತಿ, ಅದರಾಗ ಹಾಕಿದ್ರ ಬಾವ್ಯಾಗ ಬಿಂದಿಗಿ ಬಿಟ್ಟಂಗ ಆತು. ವಾಪಸ್ ಕಳಿಸಿದ್ವಿ. ಎರಡನೇದು ಎಲ್ಲಿ ಹೋತೋ ಯಾರಿಗೂ ಗೊತ್ತಿಲ್ಲ. ದಿನಾ ಸಂಜಿಗೆ ಮಂಜುಳಾ ಮೊಹಸಿನಗ ಫೋನ್ ಮಾಡಾಕಿ, “ಇನ್ನೂ ಬಂದಿಲ್ರಿ” ಅಂತ ಅವ ಅನ್ನಾವ, ಆಕಿ ಫೋನ್ ಇಟ್ಟು ಖೋಲ್ಯಾಗ ಆ ಮೂಲಿಯಿಂದ ಈ ಮೂಲಿಗೆ ತಿರಗಾಕಿ. ಹರ್ತಿಯಿಂದ ಬಂದ ಕಳಕವ್ವ, “ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ ಹೂವು” ಅಂತ ಬೈದು ಹೋದ್ಲು. ಕಡೀಕ ಬಂದದ್ದು ಇದ್ದುದರಾಗ ಸಣ್ಣದು. ಮುಂದಿನ ಭಾಗದಾಗ ಹತ್ತಿಯ ಅರಳಿ ತುಂಬಿದ್ರ ಕೂಡತಿತ್ತು. ಕೆಂಪಂದ್ರ ಕೆಂಪು, ಮಿಣಮಿಣ ಮಿಂಚಾವು. ಚರ್ಮ ಅಲ್ಲ, ರೆಕ್ಸಿನ್ನು.

ಈಗ ಸಾವಿತ್ರೆವ್ವ ಅಮ್ಮಾರನ್ನ ಒಪ್ಪಿಸಬೇಕು. ಗಾದಿ ಇದ್ದಲ್ಲೆ ಬೂಟು ತರೂದು ಅಂದ್ರ ಕೊಲಿ ಮಾಡಿದಂಗ. ಮಂಜುಳಾ ಡಬ್ಬಿ ಬಿಚ್ಚಿ ಅವರ ಮುಂದ ಇಟ್ಟಳು. ಅಮ್ಮಾರು ಬಾಳೊತ್ತು ನೋಡಿದ್ರು, ತಳ ತಿರುವಿ ನೋಡಿದ್ರು. “ಬೀದಿ ಮುಟ್ಟದ ಕಾಲ್ಮರಿ ಕಾಲ್ಮರಿ ಅಲ್ಲವಾ, ಅಂಗಡಿ ಮಾಲು ಇದ್ದಂಗ” ಅಂದ್ರು. “ಚೀಲದಾಗ ತಾ, ಒಳಗ ಹಾಕ್ಕೋ, ಚೀಲದಾಗ ಒಯ್ಯಿ. ಒಂದ ಸಲ ಬೀದಿ ಕಂಡ್ತಂದ್ರ ಮುಗೀತು, ನನ್ನ ಹೊಸ್ತಲಾ ದಾಟಸಬ್ಯಾಡ.” ಹೂಂ ಅಂತ ಇಬ್ಬರೂ ಗೋಣು ಹಾಕಿದ್ವಿ.

ಮನ್ಯಾಗ ಕೌದಿ ಹಾಸಿ ಅದರ ಮ್ಯಾಲ ಆಕಿ ನಿಂದ್ರೂದು ಕಲಿಯಾಕ ಹತ್ತಿದ್ಲು. ನೆಲಾನೂ ಮುಟ್ಟಗೊಡಲಿಲ್ಲ. ಪಾದ ಏನೋ ಬೂಟಿನ್ಯಾಗ ಸರಿಯಾಗಿ ಕುಂತಿತು, ಅದಕ್ಕ ಅಂತನ ಹುಟ್ಟಿದ್ದು ಬಿಡ್ರಿ. ಹಿಮ್ಮಡದ ಕೆಳಗ ಕಡ್ಡಿ ಬಂದು ಆಸರ ಸಿಕ್ಕಿತು, ಭುಜ ಎರಡೂ ಸಮ ಆದ್ವು. ಆದ್ರ ಕಡ್ಡಿ ಬಾಳ ತೆಳ್ಳಗ. ಮಗ್ಗಲಿಗೆ ತಿರುಗಿದ್ರ ಜರ್ ಅಂತ ಜಾರತಿತ್ತು. ಎಷ್ಟೋ ಸಲ ಬಿದ್ಲು. ಮೊಣಕಾಲು ಕೆತ್ತಿ ಹೋಗಿತ್ತು, ಮೊಣಕೈ ಹಸರಗಟ್ಟಿತ್ತು. ಬಿದ್ದಾಗೊಮ್ಮೆ ಎದ್ದು ಬೂಟಿಗೆ ಏನಾತು ಅಂತ ಮೊದಲು ನೋಡಾಕಿ.

“ಇಷ್ಟ್ಯಾಕ ಬೀಳತಿ, ತಾ ಇಲ್ಲೆ” ಅಂತ ಒಂದಿನ ನಾನು ಬಲಗಾಲಿಂದು ಹಾಕ್ಕೊಂಡ್ನಿ. ಬುದ್ಧಿಗೇಡಿತನ. ಬಟ್ಟು ಎಲ್ಲಾ ಒಂದಕ್ಕೊಂದು ಒತ್ತಿ ಜೀವ ಹೋದಂಗಾತು. ಕಪಾಟು ಹಿಡಕೊಂಡು ನಿಂತಾಕಿ ಕಪಾಟಿನ ಬಾಗಲಾ ತಗೊಂಡ ಕೆಳಗ ಬಂದ್ನಿ. ಮಂಜುಳಾ ನಕ್ಕು ನಕ್ಕು ಗ್ವಾಡಿಗೆ ಒರಗಿದ್ಲು. “ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನೀ ಕಪಾಟು ಡೊಂಕು ಅನ್ನು ಚಿಗವ್ವಾ” ಅಂದ್ಲು. ಆಕಿ ಅಷ್ಟು ನಕ್ಕಿದ್ದು ನಾ ನೋಡಿರಲಿಲ್ಲ, ಅದಕ್ಕ ಸುಮ್ಮನ ಬೈಸಿಕೊಂಡ್ನಿ.

ಕಡೀಕ ಮಾರ್ಕೆಟ್ಟಿನ ಹತ್ರ ಕುಂತು ಚಪ್ಪಲಿ ಹೊಲಿಯೂ ಹೊಳೆಯಪ್ಪನ್ನ ಮನಿಗೇ ಕರಸಿದ್ವಿ, ಬೂಟು ಬೀದಿಗೆ ಒಯ್ಯಂಗಿಲ್ಲಲ್ಲ. ಅವ ಕಡ್ಡಿ ಕತ್ತರಿಸಾಕ ಒಲ್ಲೆ ಅಂದ. “ಇಷ್ಟು ಚೆಂದಂದು ಹಾಳ ಮಾಡತೀರೇನ್ರಿ?” ಅಂತ ಕೇಳಿದ. ಮಂಜುಳಾ ಚಾಕು ಕಸಗೊಂಡು ತಾನ ಕತ್ತರಿಸಿದ್ಲು. ಆಮ್ಯಾಲ ಅವ ಗೊಣಗಿಕೋಂತ ಹಳೇ ಟಾಯರಿನ ರಬ್ಬರ್ ಕಡದು, ಒಂದರ ಮ್ಯಾಲ ಒಂದು ಅಂಟಿಸಿ, ಮೊಳಿ ಹೊಡದು, ಹಿಮ್ಮಡದ ಕೆಳಗ ದಪ್ಪನ ಗಡ್ಡಿ ಮಾಡಿ ಕೊಟ್ಟ. ನೋಡಾಕ ಅಸಹ್ಯ. ಕೆಂಪು ಬೂಟಿಗೆ ಕರೀ ಗಡ್ಡಿ. ಆದ್ರ ಮಂಜುಳಾ ಅದನ್ನ ಹಾಕ್ಕೊಂಡು ಸೀರಿ ಉಟ್ಟು ನಿಂತ್ಲು ನೋಡ್ರಿ, ನೆರಿಗಿ ಗೌಂಡ್ಯಾರು ತೂಗುಗುಂಡಿನ ದಾರ ಬಿಟ್ಟಂಗ ನೆಟ್ಟಗ ಬಿದ್ವು. ನಾನು ಕುಂತಲ್ಲೇ ಅತ್ತುಬಿಟ್ನಿ.

ಮುಂಡರಗಿ ಮಂದಿ ಬರೂದು ಮರುದಿನ ಮಧ್ಯಾಹ್ನ ಅಂತ ಖಬರ ಬಂತು. ಮುಂಜಾನೆ ನಾನು ಅಂಗಡಿ ಕಸಾ ಹೊಡಿಯಾಕತ್ತಿದ್ನಿ, ಫೋನ್ ಬಂತು. “ಚಿಗವ್ವಾ, ಬೂಟಿಲ್ಲ” ಅಂದ್ಲು ಮಂಜುಳಾ.

ನನ್ನ ಮಗಳು ಬಿಟ್ಟು ಹೋದ ಹಳೇ ಸ್ಕೂಟಿ ಐತಿ, ಅದನ್ನ ಹತ್ತಿ ಬೆಟಗೇರಿಗೆ ಓಡಿದ್ನಿ. ಕಪಾಟಿನ್ಯಾಗ ಬಲಗಾಲಿನ ಬೂಟು ಮದಲಗಿತ್ತಿ ಹಂಗ ಮಿಂಚಿಕೋಂತ ಕುಂತಿತ್ತು. ಎಡಗಾಲಿಂದು ಇಲ್ಲ. ಆಕಿ ತಲಿ ಮ್ಯಾಲ ಕೈ ಹೊತಗೊಂಡು, “ಹೊನ್ನ್ಯಾ ಒಯ್ದಾನ” ಅಂದ್ಲು.

ತಮ್ಮ ಹೊನ್ನೇಶ ಹೊಸಾ ಟಂಟಂ ಗಾಡಿ ತಗೊಂಡಿದ್ದ. ತಗೊಂಡ ವಾರದಾಗ ಗಾಲಿ ಎರಡ ಸಲ ಪಂಕ್ಚರ್ ಆತು, ಯಾರೋ ದೃಷ್ಟಿ ಹಾಕ್ಯಾರ ಅಂತ ಅವನ ತಲ್ಯಾಗ ಕುಂತಿತ್ತು. ನಮ್ಮ ಕಡಿ ಗೊತ್ತಲ್ಲ, ಗಾಡಿಗೋ ಕಟ್ಟೂ ಮನಿಗೋ ಒಂಟಿ ಹಳೇ ಚಪ್ಪಲಿ ಜೋತುಬಿಟ್ರ ದೃಷ್ಟಿ ತಾಗಂಗಿಲ್ಲ. ಹಿಂದಿನ ದಿನ ಅಕ್ಕನ್ನ ಕೇಳಿದ್ದ, “ನಿನಗ ಒಂದ ಬೂಟು ಸಾಕಲ್ಲ, ಇನ್ನೊಂದು ಕೊಡು” ಅಂತ. ಈಕಿ ಸೀರಿಗೆ ಪಿನ್ನು ಹಾಕಿಕೋಂತ, “ಒಯ್ಯೋ ಮಾರಾಯಾ” ಅಂದಿದ್ಲು. ಅವ ಕಪಾಟು ತಗದು ನೋಡ್ಯಾನ. ಒಂದು ಹೊಚ್ಚ ಹೊಸಾದು. ಇನ್ನೊಂದು ಕಡ್ಡಿ ಮುರದದ್ದು, ಟಾಯರ್ ತೇಪಿ ಹಚ್ಚಿದ್ದು. ದೃಷ್ಟಿಗೆ ಕಟ್ಟೂದು ಹಾಳಾದದ್ದು. ಹಾಳಾದದ್ದನ್ನ ತಗೊಂಡು ನಿಂಬಿಹಣ್ಣು, ಮೆಣಸಿನಕಾಯಿ ಸೇರಿಸಿ ಗಾಡಿ ಹಿಂದ ಕಟಗೊಂಡು, ಶಿಗ್ಲಿ ಲಗ್ನಕ್ಕ ಕುರ್ಚಿ, ಪಾತ್ರಿ ಹೇರಿಕೊಂಡು ಹೋಗಿಬಿಟ್ಟಾನ. ಬೇರೆ ಯಾರ ಇದ್ರೂ ಅದನ್ನ ಒಯ್ತಿದ್ರು. ಅದಕ್ಕ ನನಗ ಅವನ ಮ್ಯಾಲ ಸಿಟ್ಟು ಮಾಡಾಕೂ ಬರಲಿಲ್ಲ.

ಫೋನ್ ಹಚ್ಚಿದ್ರ ಎತ್ತವಲ್ಲ. ಗಾಡ್ಯಾಗ ಹಾಡು ಹಚಗೊಂಡಿರತಾನ, ಕೇಳಬೇಕಲ್ಲ. “ಕುಂಡ್ರ ಬೇ” ಅಂದ್ನಿ. ಮಂಜುಳಾ ಹಿಂದ ಕುಂತ್ಲು, ಸ್ಕೂಟಿ ಶಿರಹಟ್ಟಿ ದಾರಿ ಹಿಡೀತು. ನಾನು ಊರ ದಾಟಿ ಸ್ಕೂಟಿ ಹೊಡದಾಕೇ ಅಲ್ಲ. ಲಾರಿ ಬಂದಾಗೊಮ್ಮೆ ಕಣ್ಣು ಮುಚ್ಚತಿದ್ನಿ, ಆಕಿ ಹಿಂದಿನಿಂದ “ಕಣ್ಣು ತಗಿ ಚಿಗವ್ವಾ” ಅಂತಿದ್ಲು. ಹೊತ್ತು ಏರಾಕತ್ತಿತ್ತು. ರೋಡಿನ ಒಂದೊಂದು ಹಂಪಿಗೂ ಸ್ಕೂಟಿ ಹಾರತಿತ್ತು.

ಅವನ್ನ ಹುಡುಕೂದೇನೋ ಕಷ್ಟ ಆಗಲಿಲ್ಲ. ಕೆಂಪು ಬೂಟು ಜೋತುಬಿದ್ದ ಗಾಡಿ ಯಾರಿಗೆ ಮರೀತೈತಿ? ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನ್ನ ಕೇಳಿದ್ನಿ. “ನೋಡೇನ್ರಿ, ಇಲ್ಲೆ ಒಂದಿಷ್ಟು ಪಾತ್ರಿ ಇಳಿಸಿ ಲಕ್ಷ್ಮೇಶ್ವರದ ಕಡಿ ಹೋದ. ಎಂಥಾ ಬೂಟ್ರಿ ಅದು, ಮಂದಿ ಎಲ್ಲಾ ಫೋಟೋ ಹೊಡಕೊಂಡ್ರು” ಅಂದ. ಹಿಂದ ಕುಂತಾಕಿ ನನ್ನ ಭುಜ ಹಿಡದಿದ್ಲು, ಆ ಮಾತು ಕೇಳಿ ಉಗುರು ನಟ್ಟವು.

ಮಾಗಡಿ ಕೆರಿ ದಂಡಿಗೆ ಸಿಕ್ಕ. ಗಾಡಿ ನಿಲ್ಲಿಸಿ, ಹೊರದೇಶದಿಂದ ಬಂದ ಹಕ್ಕಿಗೋಳನ್ನ ನೋಡಿಕೋಂತ ಶೇಂಗಾ ತಿನ್ನಾಕತ್ತಿದ್ದ. ಬೂಟು ಹಿಂದ ಜೋತಾಡತಿತ್ತು, ಧೂಳು ಮೆತ್ತಿಕೊಂಡು ಕೆಂಪು ಹೋಗಿ ಮಣ್ಣಿನ ಬಣ್ಣ ಆಗಿತ್ತು. ಮಂಜುಳಾ ಇಳದು, ಕುಂಟಿಕೋಂತ ಹೋಗಿ, ಹಲ್ಲಿಲೆ ದಾರ ಕಡದು, ಬೂಟು ಎದಿಗೆ ಒತಗೊಂಡ್ಲು. ಹೊನ್ನೇಶ ಓಡಿ ಬಂದ.

“ಅಕ್ಕಾ, ಹಾಳಾದದ್ದನ್ನ ತಗೊಂಡೇನಲ್ಲ?” ಅಂದ.

“ಹಾಳಾದದ್ದು ಅಲ್ಲೋ ಅದು, ನನ್ನ ಅಳತಿಗೆ ಮಾಡಿದ್ದು” ಅಂದ್ಲು.

 ಬೈಯಾಕ ಹೊತ್ತಿಲ್ಲ ಅಂತ ನಾನು ಅವನ್ನ ಹಂಗ ಬಿಟ್ಟು ಬಂದ್ನಿ.

ಗದಗ ಮುಟ್ಟೂದ್ರಾಗ ಮುಂಡರಗಿ ಮಂದಿ ಬಂದು ಗಾದಿ ಮ್ಯಾಲ ಕುಂತಿದ್ರು. ಮದಲಗಿತ್ತಿ, ಆಕಿ ಅವ್ವ, ಅತ್ತಿ, ಒಂದು ಹಿಂಡು ಹೆಣ್ಮಕ್ಕಳು. ಕಟ್ಟಿ ಮ್ಯಾಲ ಅವರ ಚಪ್ಪಲಿ ಗುಂಪು. ದಾರ್ಯಾಗನ ಮಂಜುಳಾ ಚೂಡಿದಾರದ ಓಡನಿಲೆ ಬೂಟು ತಿಕ್ಕಿ ತಿಕ್ಕಿ ಮತ್ತ ಕೆಂಪು ಮಾಡಿದ್ಲು. ಹೊಸ್ತಲದ ಹತ್ರ ಹೋಗೂದ್ರಾಗ ಸಾವಿತ್ರೆವ್ವ ಅಮ್ಮಾರು ಒಳಗಿಂದ ಕೈ ಎತ್ತಿದ್ರು.

“ನಿಂದ್ರು. ಆ ಬೂಟು ಮುಂಜಾನೆ ಬಜಾರದಾಗ ಹೋದ ಟಂಟಂ ಗಾಡಿ ಹಿಂದ ನೋಡೇನಿ ನಾನು. ಬೀದಿ ಕಂಡದ್ದಂತೂ ಆತು. ಮ್ಯಾಲ ದೃಷ್ಟಿಗೆ ಕಟ್ಟಿದ್ದು, ಊರ ಮಂದಿ ಕಣ್ಣೆಲ್ಲಾ ಅದಕ್ಕ ಬಿದ್ದೈತಿ. ಲಗ್ನದ ಜವಳಿ ಮುಂದ ಅದನ್ನ ತರಬ್ಯಾಡವಾ. ನಾಳಿ ಆ ಹುಡುಗಿಗೆ ಏನಾರ ಆದ್ರ ನಾ ಏನ ಹೇಳಲಿ?”

ಅವರು ದನಿ ಏರಿಸಲಿಲ್ಲ. ಅದಕ್ಕ ನನಗ ಮತ್ತಷ್ಟು ಸಿಟ್ಟು ಬಂತು. ಏನೇನೋ ಅನ್ನಾಕ ಬಾಯಿ ತಗದ್ನಿ. ಮಂಜುಳಾ ನನ್ನ ಕೈ ಹಿಡದು ಜಗ್ಗಿದ್ಲು. ಸಾವಕಾರ್ರು ನಮ್ಮ ಕಡಿ ನೋಡಿ ಮಾರಿ ತಿರುವಿದ್ರು, ಫೋನ್ ಕೈಯಾಗ ಇತ್ತು. ಹುಬ್ಬಳ್ಳಿಗೆ ಹಚ್ಚತಾರ ಅಂತ ನನಗ ತಿಳೀತು, ಆಕಿಗೂ ತಿಳೀತು.

ಅಷ್ಟರಾಗ ಮದಲಗಿತ್ತಿ ಅವ್ವ ಒಂದು ಹಸರು ಇಳಕಲ್ ಸೀರಿ ಎತ್ತಿ ಹಿಡದು, “ಬಣ್ಣ ತಿಳೀವಲ್ತು, ಬಿಸಲಿಗೆ ತೋರಸ್ರಿ” ಅಂದ್ಲು.

ಮಂಜುಳಾ ಅಮ್ಮಾರ ಕಡಿ ತಿರುಗಿದ್ಲು. “ಅಮ್ಮಾರ, ಹೊಸ್ತಲಾ ದಾಟಬಾರದು, ಅಷ್ಟ ಹೌದಲ್ರಿ?”

“ಅಷ್ಟ” ಅಂದ್ರು ಅಮ್ಮಾರು.

ಆಕಿ ಕಟ್ಟಿ ಮ್ಯಾಲ, ಮಂದಿ ಚಪ್ಪಲಿ ನಡುವ ಕುಂತ್ಲು. ಬೂಟು ಹಾಕ್ಕೊಂಡ್ಲು, ಪಟ್ಟಿ ಬಿಗದ್ಲು. “ಚಿಗವ್ವಾ, ಸೀರಿ ತಾ” ಅಂದ್ಲು. ನಾನು ಕಾಲಿಲೆ ಚಪ್ಪಲಿ ಎಲ್ಲಾ ಬಾಜೂಕ ಸರಿಸಿ ಜಾಗಾ ಮಾಡಿದ್ನಿ. ಬಜಾರ ಹರದಾಡತಿತ್ತು, ಎಮ್ಮಿ, ಆಟೋ, ತರಕಾರಿ ಗಾಡಿ, ಎದರಿನ ಗಾಜಿನ ಬಳಿ ಅಂಗಡಿಯವರು. ಎಲ್ಲಾರ ಮುಂದ, ಸುಡು ಬಿಸಲಾಗ, ಮಂಜುಳಾ ಎದ್ದು ನಿಂತು ಸೀರಿ ಉಡಾಕ ಹತ್ತಿದ್ಲು. ಒಳಗಿನ ಹೆಣ್ಮಕ್ಕಳು ಒಬ್ಬೊಬ್ಬರ ಬಾಗಲಕ್ಕ ಬಂದ್ರು. ಆಕಿ ನೆರಿಗಿ ಹಿಡದು ಸಿಗಿಸಿ ಕೈ ಬಿಟ್ಟಳು.  ಒಂದ ನೆರಿಗಿ ಓರೆ ಇರಲಿಲ್ಲ. ಸೆರಗಿನ ತುದಿಗೆ ಆಕಿನ ಕಟ್ಟಿದ ಕುಚ್ಚು ತೂಗತಿದ್ವು. ಆ ಹಸರು ಬಿಸಲಾಗ ಹೆಂಗ ಕಂಡಿತು ಅಂತ ನನಗ ಹೇಳಾಕ ಬರಂಗಿಲ್ಲ.

ಆದ್ರ ಸೀರಿ ನಾಕ ಬಟ್ಟು ಮ್ಯಾಲ ಉಟ್ಟಿದ್ಲು. ಕೆಂಪು ಬೂಟು, ಕರೀ ಟಾಯರ್ ಗಡ್ಡಿ, ಎಲ್ಲಾ ಎದ್ದು ಕಾಣತಿತ್ತು. ಅವಸರದಾಗ ತಪ್ಪಿರಬೇಕು ಅಂತ ನಾನು ಹತ್ರ ಹೋಗಿ, ಯಾರಿಗೂ ಕೇಳದಂಗ, “ಕೆಳಗ ಬಿಡ ಬೇ, ಕಾಲು ಕಾಣತೈತಿ” ಅಂದ್ನಿ. ಅಂದ ಮ್ಯಾಲ ನನ್ನ ಬಾಯಾಗ ಯಾರ ಮಾತು ಬಂತು ಅಂತ ಹೊಳೀತು.

“ಕಾಣ್ಲಿ” ಅಂದ್ಲು.

ಸಾವಕಾರ್ರು ಬಾಗಲದಾಗ ಬಂದು ನಿಂತು, ಮ್ಯಾಲಿಂದ ಕೆಳಗಿನತನಕ ನೋಡಿದ್ರು. ಎದರಿನ ಅಂಗಡಿ ಗಿರಾಕಿಗೋಳೂ ಈ ಕಡಿ ಬಂದು ನಿಂತಿದ್ರು. ಸಾವಕಾರ್ರು ಫೋನ್ ಕಿಸೆದಾಗ ಇಟ್ಟು, ಒಳಗಿನ ಆಳುಗಳಿಗೆ, “ಆ ಹಲಗಿ ಕಟ್ಟಿ ಎತಗೊಂಡು ಬಂದು ಇಲ್ಲೆ ಹೊರಗ ಹಾಕ್ರಿ” ಅಂದ್ರು. ಅಮ್ಮಾರು ಕುಂತಲ್ಲಿಂದ ಕುತ್ತಿಗಿ ಚಾಚಿ ನೋಡಾಕತ್ತಿದ್ರು. ಈ ಸಲ ಅವರು ಕಾಲು ಬಿಟ್ಟು ಮಾರಿ ನೋಡಿದ್ರು.

ಮದಲಗಿತ್ತಿ ಹುಡುಗಿ ಮಾತ್ರ ಸೀರಿ ಕಡಿ ಲಕ್ಷ್ಯ ಇಟ್ಟಿರಲಿಲ್ಲ. ಹೊಸ್ತಲದಾಗ ಕುಕ್ಕರಗಾಲಿಲೆ ಕುಂತು ಬೂಟನ್ನ ನೋಡಾಕತ್ತಿದ್ಲು. “ಅಕ್ಕಾರ, ಇಂಥಾವು ಎಲ್ಲಿ ಸಿಗತಾವ್ರಿ? ನನಗೂ ಬೇಕ್ರಿ” ಅಂದ್ಲು.

ಮಂಜುಳಾ ಸೆರಗು ಸರಿ ಮಾಡಿಕೊಂಡು ಆಕಿ ಕಡಿ ಬಗ್ಗಿದ್ಲು. “ಬೂಟು ಮೊಹಸಿನನ ಅಂಗಡ್ಯಾಗ ಸಿಗತಾವವ್ವಾ,” ಅಂದ್ಲು. “ಈ ಕಾಲು ಎಲ್ಲೂ ಸಿಗಂಗಿಲ್ಲ.”

ಮದಲಗಿತ್ತಿ ಹಸರು ಸೀರಿನ ತಗೊಂಡ್ಲು.